ರಿಸಲ್ಟ್ ಹೇಳಿ ಬರೋಣ, ನಡಿ

ರಾಯಚೂರಿನಲ್ಲಿ ನಾನು ಕೆಲಸ ಮಾಡುವ ಸಣ್ಣ ಲ್ಯಾಬಿನಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುತ್ತಿದ್ದ ಅಕ್ಕ ತೀರಿಕೊಂಡು ವರ್ಷವಾಗುತ್ತಾ ಬಂತು. ಅವರ ಹೆಸರು ಇಲ್ಲಿ ಬರೆಯುತ್ತಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಆದರೆ ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಬರೆದಿಡಲೇಬೇಕು ಅಂತ ನನಗೆ ಬಹಳ ದಿನದಿಂದ ಅನಿಸುತ್ತಿದೆ. ನಮ್ಮ ಕಡೆ ಹಳ್ಳಿಗಳಿಗೆ ನೀರಿನ ಸ್ಯಾಂಪಲ್ ತಗೊಳ್ಳೋಕೆ ಬರುವವರಿಗೆ ಬರವಿಲ್ಲ. ಕಾಲೇಜಿನವರು ಬರುತ್ತಾರೆ, ಇಲಾಖೆಯವರು ಬರುತ್ತಾರೆ, ಪಿಎಚ್‌ಡಿ ಮಾಡುವ ಹುಡುಗರು ಬರುತ್ತಾರೆ. ಬಾಟಲಿ ತುಂಬಿಕೊಂಡು, ಜಿಪಿಎಸ್ ನೋಡಿಕೊಂಡು ಹೋಗುತ್ತಾರೆ. ಆ ನೀರಿನಲ್ಲಿ ಏನಿತ್ತು ಅಂತ ತಿರುಗಿ ಅದೇ ಓಣಿಗೆ ಬಂದು ಹೇಳುವವರು ಎಷ್ಟು ಜನ? ಅಕ್ಕ ಹೇಳುತ್ತಿದ್ದರು. ಪ್ರತಿ ಸಲವೂ. ಅವರಿಂದ ನಾನು ಕಲಿತದ್ದರಲ್ಲಿ ಇದೇ ದೊಡ್ಡದು. ಉಳಿದದ್ದನ್ನು ಪುಸ್ತಕ ಓದಿಯೂ ಕಲಿಯಬಹುದಿತ್ತು.

ಅವರ ಊರು ಮಾನ್ವಿ ತಾಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಕೊನೆ ಭಾಗ ಅಂದರೆ ಏನು ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಊರ ಪಕ್ಕದಲ್ಲೇ ಹೋಗಿರುತ್ತದೆ, ಬೆಳೆಗೆ ಬೇಕಾದ ಹೊತ್ತಿಗೆ ನೀರು ಅಲ್ಲಿಗೆ ಮುಟ್ಟಿರುವುದಿಲ್ಲ. ಅಪ್ಪ ಹತ್ತಿ, ಜೋಳ ಬೆಳೆಯುತ್ತಿದ್ದರಂತೆ. ಕುಡಿಯುವುದಕ್ಕೆ ಊರ ನಡುವಿನ ಬೋರಿಂಗ್ ನೀರು. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ, ನಡುವೆ ನಮ್ಮ ರಾಯಚೂರು. ಆದರೂ ಬೇಸಿಗೆ ಬಂದರೆ ಕೊಡ ಹಿಡಿದು ಪಾಳಿ ನಿಲ್ಲುವುದು ತಪ್ಪುತ್ತಿರಲಿಲ್ಲ. ಪರಿಸರ ವಿಜ್ಞಾನದಲ್ಲಿ ಎಂಎಸ್ಸಿ ಮಾಡಿಕೊಂಡು ಬೆಂಗಳೂರಿಗೆ ಹೋದರು, ಕಂಪನಿಗಳಿಗೆ ಪರಿಸರ ವರದಿ ಬರೆದುಕೊಡುವ ಕೆಲಸ ಸಿಕ್ಕಿತು, ಸಂಬಳವೂ ಚೆನ್ನಾಗಿಯೇ ಇತ್ತು, ಸ್ವಲ್ಪ ಕಾಲ ಮಾಡಿ ಬಿಟ್ಟು ಬಂದರು. ಯಾಕಕ್ಕ ಅಂತ ನಾನು ಒಮ್ಮೆ ಕೇಳಿದ್ದೆ. "ಊರು ನೋಡ್ಲಾರದ ಊರಿನ ಬಗ್ಗೆ ಬರಿಯೋದು ನನಗ ಆಗ್ಲಿಲ್ಲ ತಮ್ಮಾ" ಅಂದರು. ಅದರ ಮೇಲೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ಸ್ಯಾಂಪಲ್ ತೆಗೆಯುವುದನ್ನು ಕಲಿಸಿದ್ದು ಅವರೇ. ನೋಡುವುದಕ್ಕೆ ಇದು ಏನೂ ಅಲ್ಲ ಅನಿಸುತ್ತದೆ, ಬಾಟಲಿಗೆ ನೀರು ತುಂಬುವುದು ತಾನೆ? ಅಕ್ಕ ಮೊದಲು ಬೋರಿಂಗನ್ನು ಹತ್ತು ನಿಮಿಷ ಹೊಡೆಸುತ್ತಿದ್ದರು. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಹೋಗಬೇಕು, ಕೆಳಗಿನ ಹೊಸ ನೀರು ಬರಬೇಕು. ಹೊಡೆದ ನೀರು ಸುಮ್ನೆ ಹರಿದು ಹೋಗುವುದು ಅವರಿಗೆ ಸೇರುತ್ತಿರಲಿಲ್ಲ, ಅಕ್ಕಪಕ್ಕದ ಮನೆಯವರನ್ನು ಕೂಗಿ ಕೊಡ ಇಡಿಸುತ್ತಿದ್ದರು. ಹಾಗಾಗಿ ಸ್ಯಾಂಪಲ್ ತೆಗೆಯುವ ಹೊತ್ತಿಗೆ ಸುತ್ತ ನಾಲ್ಕು ಜನ ಹೆಂಗಸರು ನಿಂತಿರುತ್ತಿದ್ದರು, ಮಾತು ಶುರುವಾಗಿರುತ್ತಿತ್ತು. ಆಮೇಲೆ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲುವುದು. ಫ್ಲೋರೈಡ್ ನೋಡುವುದಿದ್ದರೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜಿನದು ನಡೆಯುವುದಿಲ್ಲ, ಯಾಕೆಂದರೆ ಫ್ಲೋರೈಡ್ ಗಾಜಿನ ಜೊತೆ ಸೇರಿಕೊಳ್ಳುತ್ತದೆ. ಆರ್ಸೆನಿಕ್‌, ಕಬ್ಬಿಣದಂಥವನ್ನು ನೋಡುವುದಿದ್ದರೆ ಇನ್ನೊಂದು ಬಾಟಲಿಗೆ ನೈಟ್ರಿಕ್ ಆಸಿಡ್ ನಾಲ್ಕು ಹನಿ. ಪಿಎಚ್, ನೀರಿನ ಬಿಸಿ, ಇಸಿ (ಅಂದರೆ ಕರಗಿದ ಉಪ್ಪಿನ ಅಂದಾಜು) ಅಲ್ಲೇ ನಿಂತು ಅಳೆಯುವುದು. ಲ್ಯಾಬಿಗೆ ತಂದ ಮೇಲೆ ಅವು ಬದಲಾಗಿರುತ್ತವೆ. ಕೊನೆಗೆ ಬಾಟಲಿ ಮೇಲೆ ಊರು, ಓಣಿ, ತಾರೀಖು. ಇದೆಲ್ಲ ಎಲ್ಲರೂ ಮಾಡುತ್ತಾರೆ. ಅಕ್ಕ ಇನ್ನೊಂದು ಬರೆದುಕೊಳ್ಳುತ್ತಿದ್ದರು: ಆ ಬೋರಿಂಗ್ ನೀರನ್ನು ಜಾಸ್ತಿ ಕುಡಿಯುವ ಮನೆ ಯಾವುದು, ಆ ಮನೆಯಲ್ಲಿ ಯಾರ ಜೊತೆ ಮಾತಾಡಬೇಕು.

ಫ್ಲೋರೈಡ್ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಅಕ್ಕನ ಹೆಚ್ಚಿನ ಆಯುಷ್ಯ ಕಳೆದದ್ದು ಅದರಲ್ಲೇ. ರಾಯಚೂರು, ಕೊಪ್ಪಳದ ನೆಲದ ಕೆಳಗೆ ಬಹುಪಾಲು ಗ್ರಾನೈಟ್ ಮತ್ತು ನೈಸ್ (gneiss) ಅನ್ನುವ ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು. ಆ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಕಲ್ಲಿನ ಬಿರುಕಿನಲ್ಲಿ ವರ್ಷಗಟ್ಟಲೆ ಕೂತಾಗ ಅದು ನಿಧಾನಕ್ಕೆ ಕರಗುತ್ತದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಬೋರ್ ಆಳಕ್ಕೆ ಹೋದಷ್ಟೂ ಹಳೆಯ ನೀರು. ಯಾರೂ ತಂದು ಸುರಿದ ವಿಷವಲ್ಲ ಇದು, ನೆಲದ್ದೇ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತವೆ. ಇನ್ನೂ ಜಾಸ್ತಿ ಇದ್ದು, ವರ್ಷಾನುಗಟ್ಟಲೆ ಕುಡಿದರೆ ಸೊಂಟ, ಮೊಣಕಾಲು, ಕುತ್ತಿಗೆ ಹಿಡಿದುಕೊಳ್ಳುತ್ತವೆ. ಕುದಿಸಿದರೆ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ, ಉಳಿದ ನೀರಿನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ರುಚಿಯೂ ಇಲ್ಲ, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ರುಚಿಯ ವಿಷಯ ಬಂದದ್ದಕ್ಕೆ ಕುಷ್ಟಗಿ ತಾಲೂಕಿನ ಒಂದು ಮನೆ ನೆನಪಾಗುತ್ತದೆ. ನಾವು ರಿಸಲ್ಟ್ ಹೇಳೋಕೆ ಹೋಗಿದ್ದೆವು. ಅವರ ಬೋರಿಂಗಿನಲ್ಲಿ ಫ್ಲೋರೈಡ್ 3 ದಾಟಿತ್ತು. ಮನೆಯ ಹಿರಿಯ ಅಮ್ಮ ನಂಬಲೇ ಇಲ್ಲ. "ಈ ನೀರಿನ್ಯಾಗ ಬ್ಯಾಳಿ ಹೆಂಗ ಕುದಿತಾವ ನೋಡ್ ಬಾ ಯವ್ವಾ, ಆ ಕಡೆ ಬೋರಿಂಗ್ ನೀರಿನ್ಯಾಗ ಕಟಿಗಿ ಮುಗದ್ರೂ ಬ್ಯಾಳಿ ಬೇಯಂಗಿಲ್ಲ" ಅಂದರು. ನಮ್ಮ ಕಡೆ ನೀರು ಚಲೋ ಅದಾವೋ ಇಲ್ಲವೋ ಅಂತ ನೋಡುವುದೇ ಹಾಗೆ, ಬೇಳೆ ಬೇಗ ಬೆಂದರೆ ಒಳ್ಳೆ ನೀರು. ಅಕ್ಕ ಆ ಮಾತನ್ನು ತೆಗೆದುಹಾಕಲಿಲ್ಲ. "ನೀನು ಹೇಳೋದು ಖರೇನೇ ಅಮ್ಮಾ, ಅದಕ್ಕ ಈ ನೀರಿನ್ಯಾಗ ಅದು ಜಾಸ್ತಿ ಇರೋದು" ಅಂದರು. ವಿಷಯ ಇಷ್ಟೇ: ಬೇಳೆ ಬೇಯದಂತೆ ಮಾಡುವುದು ನೀರಿನಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ಇದ್ದ ಕಡೆ ಫ್ಲೋರೈಡ್ ಅದರ ಜೊತೆ ಕೂಡಿ ಕೆಳಗೆ ಕೂತುಬಿಡುತ್ತದೆ, ನೀರಿನಲ್ಲಿ ಜಾಸ್ತಿ ಉಳಿಯುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಾದ ಅಂಶ ಜಾಸ್ತಿಯಿರುವ ಮೆತ್ತನೆ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ, ಫ್ಲೋರೈಡೂ ಆರಾಮಾಗಿ ಕರಗಿರುತ್ತದೆ. ಎಲ್ಲ ಕಡೆ ಹೀಗೇ ಅಂತ ಹೇಳುವ ಹಾಗಿಲ್ಲ, ಆದರೆ ಆ ಊರಿನಲ್ಲಿ ಹಾಗೇ ಇತ್ತು. ಆ ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಹಂಗಂದ್ರ ಆ ಸುಡುಗಾಡ್ ಬೋರಿಂಗಿಂದ ಕುಡಿಬೇಕೇನು?" ಅಂದರು.

ಹೌದು, ಅದನ್ನೇ ಕುಡಿಯಬೇಕಿತ್ತು. ಆ ಕಡೆ ಬೋರಿಂಗಿನಲ್ಲಿ 0.9 ಬಂದಿತ್ತು. ಕಲ್ಲು ನೆಲದಲ್ಲಿ ಇದು ಸಾಮಾನ್ಯ, ನೂರಿನ್ನೂರು ಹೆಜ್ಜೆ ದೂರದ ಎರಡು ಬೋರುಗಳ ನೀರು ಒಂದೇ ತರ ಇರಬೇಕಂತಿಲ್ಲ. ಆದರೂ ಅಮ್ಮನಿಗೆ ಪೂರ್ತಿ ಮನಸ್ಸು ಬಂದಿರಲಿಲ್ಲ. ಆಗ ಅಕ್ಕ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಸೊಸೆಯನ್ನು ಕರೆದು ತವರು ಯಾವುದವ್ವಾ ಅಂತ ಕೇಳಿದರು. ಕಾರಟಗಿ ಕಡೆ, ಕಾಲುವೆ ನೀರು ಕುಡಿದು ಬೆಳೆದವಳು. ಒಂಚೂರು ನಗವ್ವಾ ಅಂದರು. ಹಲ್ಲು ಬೆಳ್ಳಗಿದ್ದವು. ಆಮೇಲೆ ಅವಳ ಎರಡನೇ ಮಗಳನ್ನು ಕರೆದು, ಎಂಟೋ ಒಂಬತ್ತೋ ವರ್ಷ ಇರಬೇಕು, ಹಲ್ಲು ತೋರಿಸು ಅಂದರು. ಹೊಸದಾಗಿ ಬಂದ ಮುಂದಿನ ದೊಡ್ಡ ಹಲ್ಲುಗಳಲ್ಲಿ ಅಡ್ಡಕ್ಕೆ ಕಂದು ಗೆರೆ ಇದ್ದವು. ಹಲ್ಲು ದವಡೆಯೊಳಗೆ ಬೆಳೆಯುತ್ತಿರುವ ಕಾಲದಲ್ಲಿ, ಅಂದರೆ ಎಂಟು ವರ್ಷದೊಳಗೆ, ಕುಡಿದ ನೀರು ಹಲ್ಲಿನಲ್ಲಿ ಕಾಣುತ್ತದೆ. ದೊಡ್ಡವಳಾದ ಮೇಲೆ ಈ ಊರಿಗೆ ಬಂದ ತಾಯಿಗೆ ಗೆರೆ ಇಲ್ಲ, ಇಲ್ಲೇ ಹುಟ್ಟಿದ ಮಗಳಿಗೆ ಇದೆ. ಒಂದೇ ಮನೆ, ಒಂದೇ ಊಟ. ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿದರು. ತೊಟ್ಟಿಲಲ್ಲಿ ಇನ್ನೊಂದು ಮಗು ಇತ್ತು. ಅಕ್ಕ ಅದನ್ನೇ ತೋರಿಸಿ, "ಇಕಿದು ಆಗಿದ್ದು ಆತು. ಇವನ ಹಲ್ಲು ಇನ್ನೂ ನಿಮ್ಮ ಕೈಯಾಗ ಅದಾವ" ಅಂದರು. ಕುಡಿಯೋಕೆ, ಅಡುಗೆಗೆ ಆ ಕಡೆ ನೀರು. ಬಟ್ಟೆ, ಪಾತ್ರೆ, ಸ್ನಾನಕ್ಕೆ ಇದೇ ಇರಲಿ. ಚಹಾ ಕಡಿಮೆ ಮಾಡಿ, ಚಹಾ ಪುಡಿಯಲ್ಲೂ ಫ್ಲೋರೈಡ್ ಇರುತ್ತದೆ. ಮಕ್ಕಳಿಗೆ ಹಾಲು, ಮಜ್ಜಿಗೆ, ಸೊಪ್ಪು ಜಾಸ್ತಿ ಕೊಡಿ. ಇಷ್ಟು ಹೇಳಿ, ಅಮ್ಮನ ಬಾಯಿಂದ ಇನ್ನೊಮ್ಮೆ ಹೇಳಿಸಿ ಎದ್ದರು.

ಕುಡಿಯಬೇಡಿ ಅಂತ ಹೇಳುವುದು ಸುಲಭ. ಏನು ಕುಡಿಯಬೇಕು ಅನ್ನುವುದನ್ನು ಕೂಡಿಯೇ ಹೇಳಬೇಕು, ಇಲ್ಲದಿದ್ದರೆ ಹೆದರಿಸಿ ಬಂದ ಹಾಗೆ ಆಗುತ್ತದೆ ಅಂತ ಅಕ್ಕ ಹಟ ಹಿಡಿಯುತ್ತಿದ್ದರು. ಈ ವಿಷಯಕ್ಕೆ ನಮ್ಮಲ್ಲಿ ಒಮ್ಮೆ ದೊಡ್ಡ ಚರ್ಚೆಯೇ ಆಯಿತು. ಫ್ಲೋರೈಡ್ ಜಾಸ್ತಿ ಬಂದ ಬೋರಿಂಗುಗಳಿಗೆಲ್ಲ ಕೆಂಪು ಬಣ್ಣ ಬಳಿದುಬಿಡೋಣ, ಓದು ಬಾರದವರಿಗೂ ತಿಳಿಯುತ್ತದೆ ಅಂತ ಕೆಲವರು ಅಂದರು. ಅದು ತಪ್ಪು ಯೋಚನೆಯಲ್ಲ, ಬೇರೆ ಕಡೆ ಮಾಡಿದ್ದಾರೆ, ಉಪಯೋಗವೂ ಆಗಿದೆ. ಅಕ್ಕ ಒಪ್ಪಲಿಲ್ಲ. ಅವರ ಮಾತು ಏನಂದರೆ, ಊರಲ್ಲಿ ಇರುವುದು ಅದೊಂದೇ ಬೋರಿಂಗ್ ಆಗಿದ್ದರೆ ಕೆಂಪು ಬಣ್ಣ ನೋಡಿಕೊಂಡೇ ಜನ ಕುಡಿಯುತ್ತಾರೆ, ದಿನಾ ಅದನ್ನು ನೋಡುವ ಸಂಕಟ ಬೇರೆ. ಮೊದಲು ಪಕ್ಕದ ಎಲ್ಲ ಬೋರು, ಬಾವಿ ನೋಡೋಣ, ಒಳ್ಳೆಯದು ಯಾವುದು ಅಂತ ಹುಡುಕೋಣ, ಅದಕ್ಕೆ ಹಸಿರು ಬಣ್ಣ ಬಳಿಯೋಣ. ಆಮೇಲೆ ಬೇಕಾದರೆ ಕೆಂಪು. ಕೆಲಸ ಮೂರು ಪಟ್ಟು ಆಯಿತು. ಆದರೆ ನನ್ನ ಅಭಿಪ್ರಾಯದಲ್ಲಿ ಅವರದೇ ಸರಿ.

ಈ ಬೋರಿಂಗುಗಳಿಗೂ ಒಂದು ಕಥೆ ಇದೆ, ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಮೊದಲು ನಮ್ಮ ಕಡೆ ಮೆಟ್ಟಿಲು ಬಾವಿಯ ನೀರು ಕುಡಿಯುತ್ತಿದ್ದರು, ಕೆಳಗೆ ಇಳಿದು, ನೀರಲ್ಲಿ ಕಾಲಿಟ್ಟು ಕೊಡ ತುಂಬುವುದು. ಅದರಿಂದ ನಾರುಹುಣ್ಣು ಬರುತ್ತಿತ್ತು. ನೀರಿನಲ್ಲಿರುವ ಸಣ್ಣ ಹುಳದ ಜೊತೆ ಹೊಟ್ಟೆ ಸೇರಿದ ಮರಿ ಒಳಗೇ ಬೆಳೆದು, ವರ್ಷದ ಮೇಲೆ ಕಾಲಿನಲ್ಲಿ ಹುಣ್ಣಾಗಿ ದಾರದಂತೆ ಹೊರಗೆ ಬರುತ್ತಿತ್ತು. ಆ ಕಾಲನ್ನು ಮತ್ತೆ ಬಾವಿಗಿಟ್ಟರೆ ಮತ್ತೆ ಅದೇ ಸುತ್ತು. ಇದನ್ನು ತಪ್ಪಿಸಲು ಮೆಟ್ಟಿಲು ಬಾವಿ ಬಿಡಿಸಿ, ಊರೂರಿಗೆ ಬೋರ್ ಕೊರೆದು ಹ್ಯಾಂಡ್‌ಪಂಪ್ ಹಾಕಿದರು, ನೀರು ಸೋಸಿ ಕುಡಿಯುವುದನ್ನು ಕಲಿಸಿದರು. ದೇಶದಲ್ಲಿ ಕೊನೆಯ ನಾರುಹುಣ್ಣು ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ಭಾರತದಲ್ಲಿ ಅದು ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತು. ಬಹಳ ದೊಡ್ಡ ಕೆಲಸ ಅದು. ಬೋರ್ ನೀರು ಅಂದರೇ ವಿಷ ಅಂತ ಯಾರಾದರೂ ಮಾತಾಡಿದರೆ ಅಕ್ಕನಿಗೆ ಸಿಟ್ಟು ಬರುತ್ತಿತ್ತು. ಅವರ ಅಜ್ಜಿಯ ಕಾಲಲ್ಲಿ ನಾರುಹುಣ್ಣಿನ ಕಲೆ ಇತ್ತಂತೆ. ಹಳೆ ಬಾವಿಯೇ ಚೆಂದ ಇತ್ತು ಅನ್ನುವವರು ಆ ಕಾಲು ನೋಡಬೇಕಿತ್ತು ಅನ್ನುತ್ತಿದ್ದರು. ಒಂದು ಕಷ್ಟ ಕಳೆಯಲು ಮಾಡಿದ್ದರಲ್ಲಿ ಇನ್ನೊಂದು ಕಷ್ಟ ಕೆಳಗಿನಿಂದ ಬಂತು, ಈಗ ಇದನ್ನೂ ಕಳೆಯಬೇಕು. ಅವರು ನೋಡುತ್ತಿದ್ದದ್ದು ಹೀಗೆ.

ಹಟ್ಟಿ ಕಡೆ ಹೋದಾಗ ಮಾತ್ರ ಅವರು ಸ್ವಲ್ಪ ಗಂಭೀರವಾಗಿರುತ್ತಿದ್ದರು. ಹಟ್ಟಿ ಚಿನ್ನದ ಗಣಿ ಇರುವ ಆ ಶಿಲಾಪಟ್ಟಿಯಲ್ಲಿ ಚಿನ್ನದ ಜೊತೆಗೇ ಆರ್ಸೆನಿಕ್ ಇರುವ ಖನಿಜವೂ ಇರುತ್ತದೆ. ಆ ಪಟ್ಟಿಯ ಸುತ್ತಲಿನ ಕೆಲವು ಹಳ್ಳಿಗಳ ಬೋರ್ ನೀರಿನಲ್ಲಿ ಆರ್ಸೆನಿಕ್ ಕಂಡಿದೆ. ಇದಕ್ಕೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಫ್ಲೋರೈಡಿನ ನೂರನೇ ಒಂದು ಪಾಲು. ಫೀಲ್ಡ್ ಕಿಟ್‌ನಲ್ಲಿ ಒಂದು ಬಿಳಿ ಕಾಗದದ ಪಟ್ಟಿ ಇರುತ್ತದೆ, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಪುಡಿ ಹಾಕಿದಾಗ ಏಳುವ ಗಾಳಿಗೆ ಆ ಪಟ್ಟಿ ಹಳದಿಯಾಗುತ್ತದೆ, ಜಾಸ್ತಿ ಇದ್ದರೆ ಕಂದು. ಅದು ಬಣ್ಣ ತಿರುಗುವವರೆಗೆ ಕಾಯುವ ಹೊತ್ತು ನನಗೆ ಇವತ್ತಿಗೂ ಕಷ್ಟದ ಹೊತ್ತು. ಅಂಥ ಊರುಗಳಲ್ಲಿ ಅಕ್ಕ ಸಂಖ್ಯೆ ಹೇಳುವ ಮೊದಲು ಪಂಚಾಯಿತಿಯವರನ್ನು, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕೂರಿಸಿಕೊಳ್ಳುತ್ತಿದ್ದರು. ಅಂಗೈ ಗಟ್ಟಿಯಾಗಿರುವುದು, ಎದೆ ಮೇಲೆ ಚುಕ್ಕೆ ಇರುವುದು ಕಂಡರೆ ಡಾಕ್ಟರಿಗೆ ತೋರಿಸಿ ಅಂತ ಹೇಳಿ, ಅವರೇ ಆಮೇಲೆ ಫೋನ್ ಮಾಡಿ ಹೋದಿರಾ ಅಂತ ಕೇಳುತ್ತಿದ್ದರು.

ಇನ್ನು ಮಣ್ಣು. ಗಂಗಾವತಿ, ಸಿಂಧನೂರು, ಸಿರಗುಪ್ಪ ಕಡೆ ಹೋದವರಿಗೆ ಕಣ್ಣಿಗೆ ಕಾಣುವುದು ಹಸಿರು ಗದ್ದೆ, ಅಕ್ಕಿ ಗಿರಣಿ, ಕ್ಯಾಂಪುಗಳು. ನಡುನಡುವೆ ಬಿಳಿ ಪುಡಿ ಉದುರಿಸಿದಂತೆ ಕಾಣುವ ಬೋಳು ಹೊಲಗಳನ್ನು ಬಸ್ಸಿನಲ್ಲಿ ಹೋಗುವವರು ಗಮನಿಸುವುದಿಲ್ಲ. ಅದು ಸವಳು. ತುಂಗಭದ್ರಾ ಕಾಲುವೆಗೆ 1953ರಲ್ಲಿ ನೀರು ಬಂತು. ಯೋಜನೆ ಮಾಡಿದವರು ಲೆಕ್ಕ ಹಾಕಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೆ, ಭತ್ತಕ್ಕೆ ಸ್ವಲ್ಪವೇ ಜಾಗ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವೇ ಮುಖ್ಯ ಬೆಳೆಯಾಯಿತು, ವರ್ಷಕ್ಕೆ ಎರಡು ಸಲವೂ ಹಚ್ಚಿದರು. ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ, ಬಸಿದು ಹೋಗಲು ದಾರಿಯಿಲ್ಲದಿದ್ದರೆ ಕೆಳಗಿನ ನೀರು ಮೇಲೇರುತ್ತದೆ, ಜವಳು ಹಿಡಿಯುತ್ತದೆ. ಹಾಗೆ ಏರಿದ ನೀರು ಮಣ್ಣಿನೊಳಗಿನ ಉಪ್ಪನ್ನು ಜೊತೆಗೆ ತರುತ್ತದೆ, ನಮ್ಮ ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಮೇಲಿನವರಿಗೆ ನೀರು ಜಾಸ್ತಿಯಾಗಿ ಹೊಲ ಹೋಯಿತು, ಕೆಳಗಿನ ಮಾನ್ವಿ, ರಾಯಚೂರಿನವರಿಗೆ ನೀರೇ ಬರಲಿಲ್ಲ. ಎರಡೂ ಒಂದೇ ಕಾಲುವೆಯ ಮಾತು.

ಕೊನೆ ಭಾಗದ ಮಗಳಾಗಿ ಅಕ್ಕನಿಗೆ ಮೇಲ್ಭಾಗದವರ ಮೇಲೆ ಸಿಟ್ಟು ಇರಬೇಕಿತ್ತು ಅಂತ ನಾನಂದುಕೊಂಡಿದ್ದೆ. ಹೊಲದಲ್ಲಿ ನಿಂತಾಗ ಅದು ಕಾಣುತ್ತಿರಲಿಲ್ಲ. ಸವಳು ಬಿದ್ದ ಹೊಲದ ರೈತ ಯಾವ ಊರಿನವನೇ ಆಗಲಿ, ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದವನೇ ಆಗಲಿ, ಅವನ ಪಕ್ಕ ಕೂತು ಮಣ್ಣನ್ನು ಬೆರಳಲ್ಲಿ ಉದುರಿಸಿ ನೋಡುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವರು ಹೋರಾಡಿದ್ದು ಜಿಪ್ಸಂ ವಿಷಯಕ್ಕೆ. ಹೊಲ ಬೆಳ್ಳಗೆ ಕಂಡರೆ ಸಾಕು, ಜಿಪ್ಸಂ ಹಾಕು ಅಂತ ಯಾರೋ ಹೇಳಿರುತ್ತಾರೆ, ಸಾಲ ಮಾಡಿ ಚೀಲಗಟ್ಟಲೆ ತಂದು ಸುರಿದಿರುತ್ತಾರೆ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹಿಡಿದುಕೊಂಡಿರುವ ಕ್ಷಾರ ಮಣ್ಣಿನಲ್ಲಿ, ಪಿಎಚ್ 8.5 ದಾಟಿರುವ ಕಡೆ. ಬರೀ ಉಪ್ಪು ಜಾಸ್ತಿಯಿರುವ ಮಣ್ಣಿಗೆ, ಅಂದರೆ ಇಸಿ 4 ದಾಟಿದ್ದು ಪಿಎಚ್ ಅಷ್ಟಿಲ್ಲದ ಕಡೆ, ಬೇಕಾಗಿರುವುದು ಒಳ್ಳೆ ನೀರು ಹಾಯಿಸಿ ಉಪ್ಪನ್ನು ತೊಳೆಯುವುದು, ತೊಳೆದ ನೀರು ಹೊರಗೆ ಹೋಗಲು ಬಸಿಗಾಲುವೆ ಮಾಡುವುದು. ಹೊರಗೆ ಹೋಗುವ ದಾರಿಯಿಲ್ಲದೆ ನೀರು ಕಟ್ಟಿದರೆ ರೋಗ ಇನ್ನೂ ಜಾಸ್ತಿ. "ಮೊದ್ಲು ಮಣ್ಣು ತೋರ್ಸು, ಆಮ್ಯಾಗ ರೊಕ್ಕ ಹಾಕು" ಅಂತ ಅವರು ಎಷ್ಟು ರೈತರಿಗೆ ಹೇಳಿದ್ದಾರೋ. ಡಯಾಂಚ ಅನ್ನುವ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹಸಿ ಇದ್ದಾಗಲೇ ಮಣ್ಣಿಗೆ ಸೇರಿಸಿ ಅಂತಲೂ ಹೇಳುತ್ತಿದ್ದರು, ಅದಕ್ಕೆ ಖರ್ಚು ಕಡಿಮೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳಿನ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ, ಅಲ್ಲಿಗೆ ಹೋಗಿ ಕೇಳಿ ಅಂತ ರೈತರ ಕೈಗೆ ಚೀಟಿ ಬರೆದುಕೊಡುತ್ತಿದ್ದರು.

ಅವರಿಗೂ ಸಿಟ್ಟು ಬರುತ್ತಿತ್ತು, ಬರದೇ ಏನು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ, ತುಂಬಿದ್ದ ಡ್ಯಾಮಿನಿಂದ ನೀರು ಹೊಳೆಗೆ ಸುಮ್ನೆ ಹರಿಯುವುದನ್ನು ಟಿವಿಯಲ್ಲಿ ನೋಡುತ್ತಾ ಅವರು ಊಟವನ್ನೇ ಬಿಟ್ಟಿದ್ದರು. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ ಈಗ 105.788 ಟಿಎಂಸಿಗೆ ಬಂದಿದೆ, ಅದರಲ್ಲಿ ಇದು ಬೇರೆ. ಒಂದು ವಾರದಲ್ಲಿ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ತಾತ್ಕಾಲಿಕವಾಗಿ ಇಳಿಸುವ ಉಕ್ಕಿನ ತಡೆ) ಇಳಿಸಿ ನೀರು ನಿಲ್ಲಿಸಿದ ಸುದ್ದಿ ಬಂದಾಗ ಲ್ಯಾಬಿಗೆಲ್ಲ ಒಗ್ಗರಣೆ, ಮಿರ್ಚಿ ತರಿಸಿದರು. ಊರಲ್ಲಿ ಅವರ ಅಣ್ಣ ಭತ್ತ ಹಚ್ಚಿರಲಿಲ್ಲ, ಅವರಿಗೆ ಆ ನೀರಿನಿಂದ ಆಗುವುದೇನೂ ಇರಲಿಲ್ಲ. ಆದರೂ.

ಕಾಯಿಲೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ತಿಳಿಯುವ ಹೊತ್ತಿಗೆ ತಡವಾಗಿತ್ತು. ಆಸ್ಪತ್ರೆಗೆ ನೋಡೋಕೆ ಹೋದಾಗಲೂ ನನ್ನ ಹತ್ತಿರ ಕೇಳಿದ್ದು ಎಲೆಕ್ಟ್ರೋಡ್ ಸರಿಯಾಗಿ ಓದುತ್ತಿದೆಯಾ, ದಿನಾ ಬೆಳಿಗ್ಗೆ ಸ್ಟ್ಯಾಂಡರ್ಡ್ (ಅಳತೆ ಮೊದಲೇ ಗೊತ್ತಿರುವ ದ್ರಾವಣ) ಹಾಕಿ ನೋಡುತ್ತಿದ್ದೀಯಾ ಅಂತ. ನೋಡುತ್ತಿದ್ದೇನೆ ಅಕ್ಕ ಅಂದೆ. ಒಂದೇ ನೀರನ್ನು ಎರಡು ಸಲ ಓದಿಸದೆ ರಿಸಲ್ಟ್ ಬರೆಯುವ ಅಭ್ಯಾಸ ಅವರಿಗಿರಲಿಲ್ಲ, ನಮಗೂ ಇರಬಾರದು ಅಂತ ಅವರ ಆಸೆ.

ಅವರ ನೋಟ್‌ಬುಕ್ಕುಗಳು ಲ್ಯಾಬಿನ ಕಪಾಟಿನಲ್ಲಿವೆ. ಉದ್ದನೆಯ ಲೆಕ್ಕದ ಪುಸ್ತಕಗಳು, ಕಿರಾಣಿ ಅಂಗಡಿಯವರು ಇಟ್ಟುಕೊಳ್ಳುವಂಥವು. ಗೆರೆ ಎಳೆದು ಕಾಲಂ ಮಾಡಿದ್ದಾರೆ: ಊರು, ಓಣಿ, ಬೋರಿನ ಆಳ, ಪಿಎಚ್, ಇಸಿ, ಫ್ಲೋರೈಡ್, ನೈಟ್ರೇಟ್. ಕೊನೆಯ ಕಾಲಂನ ತಲೆಗೆ "ಹೇಳಿದ್ದು" ಅಂತ ಬರೆದಿದೆ. ಅದರ ಕೆಳಗೆ ತಾರೀಖು, ಯಾರಿಗೆ ಹೇಳಿದೆ ಅನ್ನುವುದು, ಕೆಲವು ಕಡೆ ಅವರು ಏನಂದರು ಅನ್ನುವುದೂ ಇದೆ. "ಅತ್ತಿ ಒಪ್ಪಿದಳು, ಮಾವ ಇಲ್ಲ." "ಬೀಗ ಹಾಕಿತ್ತು, ಗುಳೆ ಹೋಗ್ಯಾರ. ಯುಗಾದಿಗೆ ಬರ್ತಾರ." ಒಂದು ವೈಜ್ಞಾನಿಕ ಪ್ರಬಂಧಕ್ಕೆ ಈ ಕಾಲಂ ಬೇಕಿಲ್ಲ. ಬರೀ ಸಂಖ್ಯೆಗಳನ್ನು ತೆಗೆದು ಕಂಪ್ಯೂಟರಿಗೆ ಹಾಕಿ ನಕ್ಷೆ ಮಾಡಿದರೆ ಚೆನ್ನಾದ ನಕ್ಷೆಯೇ ಬರುತ್ತದೆ. ನಾವು ಕಂಪ್ಯೂಟರಿಗೆ ಏರಿಸುವಾಗ ಆ ಕಾಲಂ ಬಿಡದೆ ಪೂರ್ತಿ ಏರಿಸುತ್ತಿದ್ದೇವೆ. ಅದು ಖಾಲಿ ಇರುವ ಸಾಲುಗಳೂ ಇವೆ, ಅವರು ಮಲಗಿದ ಮೇಲಿನವು. ಆ ಸಾಲುಗಳನ್ನು ಬೇರೆ ಪಟ್ಟಿ ಮಾಡಿಕೊಂಡು ನಾವು ಊರಿಗೆ ಹೋಗುತ್ತಿದ್ದೇವೆ. ಹಳೆಯ ಸಂಖ್ಯೆ ಈಗಲೂ ಹಾಗೇ ಇದೆ ಅಂತ ಹೇಳೋಕಾಗುವುದಿಲ್ಲ, ಅದಕ್ಕೆ ಮೊದಲು ಹೊಸ ಸ್ಯಾಂಪಲ್, ಆಮೇಲೆ ಹೇಳುವುದು.

ಕೆಲವು ಊರುಗಳಲ್ಲಿ ಪರಿಸ್ಥಿತಿ ಬದಲಾಗಿದೆ. ನದಿ ನೀರಿನ ಬಹುಗ್ರಾಮ ಯೋಜನೆಯ ನಲ್ಲಿ ಬಂದಿದೆ, ಬೋರಿಂಗ್ ತುಕ್ಕು ಹಿಡಿದು ನಿಂತಿದೆ. ಕೆಲವು ಕಡೆ ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕೊಡುವ ಶುದ್ಧ ನೀರಿನ ಘಟಕ ಇದೆ, ಕುಡಿಯೋಕೆ ಅದೇ. ಆದರೆ ಅಡುಗೆಗೆ ಈಗಲೂ ಬೋರಿನ ನೀರೇ ಹಾಕುವ ಮನೆಗಳು ಬಹಳ. ಅನ್ನ, ಸಾರಿನಲ್ಲಿ ಹೋಗುವ ನೀರೂ ಹೊಟ್ಟೆಗೇ ತಾನೆ ಹೋಗುವುದು? ಇದನ್ನು ಪ್ರತಿ ಊರಲ್ಲೂ ಹೇಳಬೇಕಾಗುತ್ತದೆ. ಇನ್ನು ಘಟಕ ಕೆಟ್ಟು ನಿಂತರೆ ಎಲ್ಲರೂ ತಿರುಗಿ ಹಳೆ ಬೋರಿಂಗಿಗೇ ಬರುತ್ತಾರೆ. ಅದಕ್ಕೇ ಹಳೆ ಬೋರುಗಳ ಲೆಕ್ಕ ಬಿಡಬಾರದು ಅನ್ನುವುದು ಅಕ್ಕನ ಮಾತು, ಈಗ ನನ್ನ ಮಾತೂ ಹೌದು.

ಇದನ್ನು ಓದುತ್ತಿರುವ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಯವರಿಗೆ ಒಂದು ವಿಷಯ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಅಡಿ ಪ್ರತಿ ಊರಲ್ಲಿ ಐದು ಜನ ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಪಂಚಾಯಿತಿಯಲ್ಲಿ ಆ ಐವರು ಯಾರು, ಕಿಟ್ ಎಲ್ಲಿದೆ ಅಂತ ಕೇಳಿ. ಕಿಟ್ ಕಪಾಟಿನಲ್ಲಿದ್ದರೆ ಹೊರಗೆ ತೆಗೆಸಿ, ಪುಡಿ ಮತ್ತು ದ್ರಾವಣದ ಅವಧಿ ಮುಗಿದಿದೆಯಾ ಅಂತ ಬಾಟಲಿ ಮೇಲಿನ ತಾರೀಖು ನೋಡಿ. ಕಿಟ್‌ನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಬಂದರೆ ಜಿಲ್ಲಾ ಲ್ಯಾಬಿಗೆ ಕಳಿಸಿ ಸರಿಯಾದ ಸಂಖ್ಯೆ ತಗೊಳ್ಳಿ. ಹತ್ತಿರದ ಇನ್ನೊಂದು ಬೋರಿನ ನೀರನ್ನೂ ಜೊತೆಗೆ ಕಳಿಸಿ. ಬಾಟಲಿ ಮೇಲೆ ಬೋರಿನ ಆಳ ಬರೆಯುವುದನ್ನು ಮರೆಯಬೇಡಿ. ಆಳ ಗೊತ್ತಿಲ್ಲದಿದ್ದರೆ ಸುಮ್ನೆ ಅಂದಾಜು ಬರೆಯಬೇಡಿ, ಬೋರ್ ಹಾಕಿದ ದಿನ ಅಲ್ಲಿ ನಿಂತು ನೋಡಿದ ಹಿರಿಯರು ಊರಲ್ಲಿ ಒಬ್ಬರಾದರೂ ಇರುತ್ತಾರೆ, ಅವರನ್ನು ಕೇಳಿ. ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಎಷ್ಟು ಅಡಿಗೆ ನೀರು ಬಂತು ಅನ್ನುವುದನ್ನೂ ಅವರು ಹೇಳುತ್ತಾರೆ.